ಊರಿನ ನೀರು, ನೆಲದ ಪರವಾಗಿ ಕ್ರೈಸ್ತ ಸಭೆಯು ಸರ್ಕಾರದ ಮುಂದೆ ಮಾತನಾಡುವ ಬಗೆ

ಚರ್ಚಿನ ಆವರಣದಲ್ಲಿ ಬೇವಿನ ಸಸಿ ನೆಟ್ಟು, ಪಾಸ್ಟರ್ ಪ್ರಾರ್ಥಿಸಿ, ಎಲ್ಲರೂ ಫೋಟೊ ತೆಗೆಸಿಕೊಂಡಲ್ಲಿಗೆ ನಮ್ಮ ಭಾಗದ ಬಹಳಷ್ಟು ಸಭೆಗಳ ಪರಿಸರ ಕಾಳಜಿ ಮುಗಿದುಬಿಡುತ್ತದೆ. ಸಸಿ ನೆಡುವುದು ಒಳ್ಳೆಯದೇ. ಆದರೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ನೀರು ಮತ್ತು ನೆಲದ ಗತಿ ತೀರ್ಮಾನವಾಗುವುದು ಗ್ರಾಮ ಸಭೆಯಲ್ಲಿ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತಗಳಲ್ಲಿ. ಸಭೆಯೊಂದು ಅಲ್ಲಿಗೆ ಹೇಗೆ ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ ವಾಕ್ಯ ಅಧ್ಯಯನ. "ಇದು ರಾಜಕೀಯ, ನಮಗೇಕೆ?" ಎಂಬ ಪ್ರಶ್ನೆ ಸಭೆಯೊಳಗಿನಿಂದಲೇ ಬರುತ್ತದೆ, ಅದಕ್ಕೆ ಉತ್ತರ ಸಿಗದೆ ಮುಂದೆ ಹೋಗಬಾರದು. ಆದಿಕಾಂಡ 2:15ರಲ್ಲಿ ಮನುಷ್ಯನಿಗೆ ತೋಟವನ್ನು ವ್ಯವಸಾಯ ಮಾಡುವ ಕೆಲಸದ ಜೊತೆಗೆ ಕಾಯುವ ಕೆಲಸವೂ ಒಪ್ಪಿಸಲ್ಪಟ್ಟಿದೆ. ಯಾಜಕಕಾಂಡದ 25ನೆಯ ಅಧ್ಯಾಯವು ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಇಡೀ ಜನಾಂಗಕ್ಕೇ ವಿಧಿಸುತ್ತದೆ. ಧರ್ಮೋಪದೇಶಕಾಂಡ 20:19 ಮುತ್ತಿಗೆ ಹಾಕಿದ ಸೈನ್ಯ ಕೂಡ ಹಣ್ಣಿನ ಮರ ಕಡಿಯಬಾರದೆನ್ನುತ್ತದೆ. ಇವು ಒಬ್ಬೊಬ್ಬ ಭಕ್ತನಿಗೆ ಹೇಳಿದ ಬುದ್ಧಿಮಾತುಗಳಲ್ಲ, ಸಮುದಾಯವನ್ನೂ ಅಧಿಕಾರವನ್ನೂ ಕಟ್ಟಿಹಾಕುವ ಕಟ್ಟಳೆಗಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚುರುಕಾಗಿ ತಾಗುವುದು ಯೆಹೆಜ್ಕೇಲ 34:18: ತಿಳಿನೀರು ಕುಡಿದವರು ಉಳಿದ ನೀರನ್ನು ಕಾಲಿನಿಂದ ಕದಡಿ ಇತರರಿಗೆ ಬಿಡುತ್ತಾರೆಂದು ಅಲ್ಲಿ ದೇವರೇ ತಕರಾರು ತೆಗೆಯುತ್ತಾನೆ. ಕಥೋಲಿಕರು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದ ಐದನೆಯ ಅಧ್ಯಾಯವನ್ನು ಓದಬಹುದು. ಸರ್ಕಾರಗಳ ನೀತಿಯ ಬಗ್ಗೆ ಅದರಲ್ಲಿ ನೇರವಾದ ಮಾತುಗಳಿವೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲವನ್ನು ಕಥೋಲಿಕರೂ ಪ್ರೊಟೆಸ್ಟಂಟರೂ ಆಚರಿಸುವುದರಿಂದ, ಒಂದೇ ಊರಿನ ಎರಡು ಸಭೆಗಳು ಕೂಡಿ ಕುಳಿತು ಓದಲು ಅದು ತಕ್ಕ ಸಮಯ.

ಆಮೇಲೆ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಿ. ಸೇಡಂ, ಚಿತ್ತಾಪುರ ಕಡೆಯವರಿಗೆ ಅದು ಸುಣ್ಣದಕಲ್ಲಿನ ಗಣಿ ಮತ್ತು ಸಿಮೆಂಟ್ ಧೂಳು ಆಗಿರಬಹುದು. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಗಳ ಸುತ್ತಲಿನವರಿಗೆ ಹಳ್ಳಕ್ಕೆ ಸೇರುವ ತ್ಯಾಜ್ಯವಾಗಿರಬಹುದು. ನೌಬಾದ್ ಕಡೆಯವರಿಗೆ ಸುರಂಗ ಬಾವಿಯ (ನೆಲದಡಿ ನೀರು ಸಾಗಿಸುವ ಹಳೆಯ ಕಾಲುವೆಯ) ಮೇಲಿನ ಒತ್ತುವರಿಯಾಗಿರಬಹುದು. ಸಭೆಯ ಸದಸ್ಯರು ಸ್ವತಃ ಅನುಭವಿಸುತ್ತಿರುವ ವಿಷಯವೇ ಆಗಲಿ. ಜಾಗತಿಕ ತಾಪಮಾನದ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಏನೂ ಮಾಡಲಾರರು.

ಆರಿಸಿದ ಮೇಲೆ ದಾಖಲೆ ಬೇಕು, ಮತ್ತು ಇಲ್ಲಿಯೇ ಹೆಚ್ಚು ಸಮಯ ಕೊಡಬೇಕು. ನೀರಿನ ವಿಷಯವಾದರೆ ಒಂದು ಉದ್ದನೆಯ ನೋಟ್‌ಬುಕ್ ತೆರೆದು, ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಮಹಿಳಾ ಸಮಾಜದ ಇಬ್ಬರು ಬಾವಿಯ ಬಳಿಗೆ ಹೋಗಿ ಬರೆಯಲಿ: ತಾರೀಖು, ಹೊತ್ತು, ನೀರಿನ ಬಣ್ಣ, ವಾಸನೆ, ಹಿಂದಿನ ದಿನ ಮಳೆ ಬಂದಿತ್ತೇ ಇಲ್ಲವೇ ಎಂಬುದು. ಆಳ ತಿಳಿಯಲು, ಮೀಟರಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿದ ಹಗ್ಗ ಸಾಕು. ಒಣ ಹಗ್ಗವನ್ನು ಇಳಿಸಿ, ಬಾವಿಯ ಅಂಚಿನಿಂದ ಹಗ್ಗ ಒದ್ದೆಯಾದ ಜಾಗದವರೆಗಿನ ಗಂಟುಗಳನ್ನು ಎಣಿಸಬೇಕು. ಜಲ ಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ನಿಮ್ಮೂರಲ್ಲಿ ಆ ಕಿಟ್ ಯಾರ ಬಳಿ ಇದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಬಹಳ ಸಲ ಅದು ಕಪಾಟಿನಲ್ಲಿಯೇ ಇರುತ್ತದೆ. ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ವಿಧಿಸಿರುವ ಷರತ್ತುಗಳೇನೆಂದು ತಿಳಿಯಲು, ಅದರ ಪ್ರಾದೇಶಿಕ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ.

ಗ್ರಾಮ ಸಭೆಗೆ ಚರ್ಚಿನ ಗುಂಪಾಗಿ ಹೋಗಬೇಡಿ, ಊರಿನವರಾಗಿ ಹೋಗಿ. ಬಾವಿಯ ನೀರು ಕೆಟ್ಟರೆ ಓಣಿಗೆಲ್ಲ ಕೆಡುತ್ತದೆ. ಮನವಿಪತ್ರದಲ್ಲಿ ಎಲ್ಲ ಓಣಿಗಳ ಸಹಿಯಿದ್ದರೆ "ಇದು ಕ್ರೈಸ್ತರ ಬೇಡಿಕೆ" ಎಂದು ಬದಿಗೆ ಸರಿಸಲು ಯಾರಿಗೂ ಆಗದು. "ಮಾಲಿನ್ಯ ತಡೆಗಟ್ಟಬೇಕು" ಎಂದು ಬರೆಯುವುದಕ್ಕಿಂತ, ಇಂಥ ಎರಡು ಬೋರ್‌ವೆಲ್‌ಗಳ ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಹಾಕಬೇಕೆಂದು ಬರೆದರೆ ಠರಾವು ಮಾಡುವುದು ಸುಲಭ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾಗಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಸೇರುತ್ತದೆಯೇ ಎಂದೂ ವಿಚಾರಿಸಿ.

ಹೊಸ ದೊಡ್ಡ ಗಣಿ ಅಥವಾ ಸಿಮೆಂಟ್ ಕಾರ್ಖಾನೆ ಬರುವಾಗ, 2006ರ ಪರಿಸರ ಪ್ರಭಾವ ಮೌಲ್ಯಮಾಪನ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ ಸಭೆ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕನ್ನಡದ ಸಾರಾಂಶ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮುಂತಾದೆಡೆ ಓದಲು ಸಿಗಬೇಕು. ಅದನ್ನು ಓದದೆ ಹೋದರೆ ಉದ್ಯೋಗದ ಭರವಸೆಯ ಭಾಷಣ ಕೇಳಿ ಬರುವುದಷ್ಟೇ ಆಗುತ್ತದೆ. ವರದಿಯಲ್ಲಿ ನಿಮ್ಮ ಹಳ್ಳ, ಬಾವಿ, ಗಾಯರಾಣ (ದನ ಮೇಯುವ ಊರ ಜಾಗ) ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ನೋಟ್‌ಬುಕ್ಕಿನ ಪ್ರತಿಯೊಂದಿಗೆ ಲಿಖಿತ ಆಕ್ಷೇಪಣೆ ಕೊಡಿ. ಅಲ್ಲಿ ಬೈಬಲ್ ವಚನ ಹೇಳುವ ಅಗತ್ಯವಿಲ್ಲ. ನಾಚಿಕೆಯಿಂದಲ್ಲ, ಅಧಿಕಾರಿಗಳು ಉತ್ತರಿಸಲೇಬೇಕಾದದ್ದು ಅಳತೆಗೆ ಮತ್ತು ಪ್ರಶ್ನೆಗೆ ಎಂಬ ಕಾರಣಕ್ಕೆ. ಕೊನೆಯಲ್ಲಿ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬುದು ನಿಯಮ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಎದ್ದು ನಿಂತು ಸೇರಿಸುವಂತೆ ಕೇಳಿ. ಅನುಮೋದಿತ ಕೈಗಾರಿಕಾ ಪ್ರದೇಶದೊಳಗಿನ ಘಟಕಗಳಿಗೆ ಸಾಮಾನ್ಯವಾಗಿ ಈ ಸಭೆಯಿಂದ ವಿನಾಯಿತಿ ಇರುವುದರಿಂದ, ಅಲ್ಲಿಯವರಿಗೆ ಮಾಹಿತಿ ಹಕ್ಕು ಮತ್ತು ಮಂಡಳಿಗೆ ಕೊಡುವ ದೂರುಗಳೇ ಮುಖ್ಯ ದಾರಿ.

ಒಂದು ಎಚ್ಚರಿಕೆಯಿದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾಯ್ದೆಯು ಪೂಜಾಸ್ಥಳದ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಚುನಾವಣೆಯ ಸಮಯದಲ್ಲಿ ಯಾವ ಅಭ್ಯರ್ಥಿಯನ್ನೂ ವೇದಿಕೆಗೆ ಕರೆಯಬೇಡಿ. ಊರವರೊಂದಿಗಿನ ಮಾತುಕತೆಯನ್ನು ಸಮುದಾಯ ಭವನದಲ್ಲಿ ಇಟ್ಟುಕೊಳ್ಳುವುದು ಲೇಸು.

ಯೋಜನೆಗೆ ಪರಿಸರ ಅನುಮತಿ ಸಿಕ್ಕಿತೆಂದು ಕೈಚೆಲ್ಲುವುದು ಬೇಡ. ಅನುಮತಿಯನ್ನು ಪ್ರಶ್ನಿಸಿ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ವಕೀಲರ ಸಲಹೆ ಮೊದಲೇ ಪಡೆದಿರಬೇಕು. ಅನುಮತಿ ಪಡೆದವರು ಷರತ್ತು ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಆ ಎರಡು ತಾರೀಖುಗಳನ್ನು ಸಭೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವರದಿ ತರಿಸಿ ಓದುವ ಹೊಣೆಯನ್ನು ಯುವಜನ ಸಂಘದ ಒಬ್ಬರ ಹೆಸರಿಗೆ ಬರೆದಿಡಿ.