ಸಾಪೆಯಲ್ಲಿ ಲಾರಿ ಎಣಿಸಿದ್ದು

ಇಂಡೊನೇಷ್ಯಾದ ಬಾಲಿಯಿಂದ ಪೂರ್ವಕ್ಕೆ ಲೊಂಬೋಕ್, ಸುಂಬಾವಾ, ಫ್ಲೋರೆಸ್ ದ್ವೀಪಗಳನ್ನು ಹಾದು ತಿಮೋರ್‌ವರೆಗೆ ನಡುವೆ ಎಲ್ಲೂ ವಿಮಾನ ಹತ್ತದೆ, ಲಾರಿ ಸಾಗಿಸುವ ಮಾಮೂಲಿ ಫೆರಿಗಳಲ್ಲೇ ದ್ವೀಪದಿಂದ ದ್ವೀಪಕ್ಕೆ ದಾಟಿಕೊಂಡು ಹೋದೆವು, ನಾನು ಮತ್ತು ನನ್ನ ತಂಗಿ. ಒಟ್ಟು 26 ದಿನ. ಖರ್ಚು ತಲೆಗೆ ಒಂದು ಕೋಟಿ ಇಪ್ಪತ್ತು ಲಕ್ಷ. ಗಾಬರಿಯಾಗಬೇಡಿ, ರೂಪಾಯಿಯಲ್ಲ, ಅಲ್ಲಿನ ರುಪಿಯಾ. ಜನ್ಮದಲ್ಲಿ ಒಂದು ಸಲವಾದರೂ ಕೋಟಿ ಖರ್ಚು ಮಾಡಿದ ತೃಪ್ತಿ ಬೇಕಿದ್ದರೆ ಇಂಡೊನೇಷ್ಯಾಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇದನ್ನು ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಭಾವ. "ಏನಮ್ಮಾ, ಪ್ಯಾಕೇಜ್ ತಗೊಂಡು ಸುಮ್ಮನೆ ಹೋಗಿ ಬರೋದು ಬಿಟ್ಟು ಲಾರಿ ಜೊತೆ ಹೋಗ್ತೀನಿ ಅಂತೀಯಲ್ಲ" ಎಂದು ಮನೆಮಂದಿಯ ಮುಂದೆ ನಕ್ಕಿದ್ದರು. ಚಾರಣದ ಗೆಳೆಯರೂ ಅಷ್ಟೇ: "ಸಾಪೆ ಬಂದರಿನಲ್ಲಿ ಸಿಕ್ಕಿಹಾಕಿಕೊಳ್ತೀರಾ ನೋಡಿ." ಅವರ ಮಾತು ಸುಳ್ಳೂ ಅಲ್ಲ. ಮೊದಲ ಸಲ ಸಿಕ್ಕಿಹಾಕಿಕೊಂಡಿದ್ದೆವು. ಎರಡನೇ ಸಲ ಸಾಪೆ ಮುಟ್ಟುವ ಮೊದಲೇ ಮುಗ್ಗರಿಸಿದ್ದೆವು.

ಮೊದಲ ಸಲ ಹೋಗಿದ್ದು ಜನವರಿಯಲ್ಲಿ. ರಜೆ ಸಿಕ್ಕಿದ್ದೇ ಆಗ. ಆ ಕಡೆ ಮಳೆಗಾಲ, ಪಶ್ಚಿಮದ ಗಾಳಿ. ನಕ್ಷೆ ಹರಡಿಕೊಂಡು ದಿನಕ್ಕೊಂದು ಊರಿನಂತೆ ಹೋಟೆಲು, ದೈತ್ಯ ಉಡಗಳ ಕೊಮೊಡೊ ದ್ವೀಪದ ದೋಣಿಗೆ ಮುಂಗಡ, ಫ್ಲೋರೆಸ್ ಪಶ್ಚಿಮ ತುದಿಯ ಲಾಬುವಾನ್ ಬಾಜೊದಿಂದ ವಾಪಸ್ ವಿಮಾನ ಎಲ್ಲಾ ಮೊದಲೇ ಕಾಯ್ದಿರಿಸಿದ್ದೆ. ಸುಂಬಾವಾ ದ್ವೀಪದ ಪೂರ್ವ ತುದಿಯ ಸಾಪೆ ಬಂದರಿಗೆ ಬಂದರೆ ಅಲೆ ಜಾಸ್ತಿ ಎಂದು ಫ್ಲೋರೆಸ್ ಕಡೆಯ ಫೆರಿ ನಿಲ್ಲಿಸಿದ್ದರು. ಕೇಳಿದಾಗಲೆಲ್ಲ ಒಂದೇ ಉತ್ತರ, "ಬೆಸೊಕ್". ನಾಳೆ. ಐದು ದಿನ ಆ ನಾಳೆ ಬರಲಿಲ್ಲ. ಸಾಪೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಗ ಅತ್ತ ವಿಮಾನ ಹೋಯಿತು, ದೋಣಿಯ ಮುಂಗಡ ಹೋಯಿತು, ಹೋಟೆಲೂ ಹೋಯಿತು. ಇಬ್ಬರಿಗೂ ಸೇರಿ ಅರವತ್ತು ಲಕ್ಷ ರುಪಿಯಾದಷ್ಟು ನೀರುಪಾಲು. ಬಂದ ದಾರಿಯಲ್ಲೇ ಬಸ್ಸು ಹತ್ತಿ ವಾಪಸ್ಸಾದೆವು.

ಎರಡನೇ ಸಲ ಬುದ್ಧಿವಂತಿಕೆ ತೋರಿಸಲು ಹೋದೆ. ಲೊಂಬೋಕ್‌ನಿಂದ ಫ್ಲೋರೆಸ್‌ಗೆ ನಾಲ್ಕು ದಿನದ ಪ್ರವಾಸಿ ದೋಣಿ, ತಲೆಗೆ ಇಪ್ಪತ್ತೈದು ಲಕ್ಷ ರುಪಿಯಾ, ಊಟ ಹಾಸಿಗೆ ಎಲ್ಲಾ ಸೇರಿ. ಆಗಸ್ಟ್ ತಿಂಗಳು, ಒಣಹವೆ, ಇನ್ನೇನು ಬೇಕು ಅಂದುಕೊಂಡೆ. ಒಣಗಾಲದಲ್ಲೂ ಆಗ್ನೇಯದ ಗಾಳಿ ಬೀಸುತ್ತದೆ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಹಾಸಿಗೆ ಅಂದರೆ ಮೇಲಿನ ಡೆಕ್ಕಿನಲ್ಲಿ ಸಾಲಾಗಿ ಎಸೆದ ತೆಳ್ಳನೆಯ ಸ್ಪಂಜು, ಅದೂ ಒದ್ದೆ. ಮೂರನೇ ರಾತ್ರಿ ಯಂತ್ರ ಕೆಮ್ಮಿ ಕೆಮ್ಮಿ ನಿಂತಿತು. ಬೇರೊಂದು ದೋಣಿ ನಮ್ಮನ್ನು ಬೀಮಾ ಕೊಲ್ಲಿಗೆ ಎಳೆದು ತಂದು ಬಿಟ್ಟಿತು. ದುಡ್ಡು ವಾಪಸ್ ಕೇಳಿದರೆ ಏಜೆಂಟ್ ಫೋನೇ ಎತ್ತಲಿಲ್ಲ.

ಬೀಮಾ ಅನ್ನುವ ಹೆಸರು ನಮ್ಮ ಭೀಮನದ್ದೇ ಎಂದು ಅಲ್ಲಿನ ರಾಜವಂಶದ ಐತಿಹ್ಯ. ನಮ್ಮನ್ನೂ ಅವನೇ ಕಾಪಾಡಿದ. ಬೇಜಾರಿನಲ್ಲಿ ಸುಮ್ಮನೆ ಬಸ್ಸು ಹತ್ತಿ ಸಾಪೆಗೆ ಹೋದೆವು. ನಮ್ಮ ಪ್ರವಾಸಿ ದೋಣಿ ಕೆಟ್ಟು ಬಿದ್ದಿದ್ದ ಅದೇ ದಿನ, ಈರುಳ್ಳಿ ಮೂಟೆ, ಸಿಮೆಂಟು, ಬೈಕುಗಳನ್ನು ತುಂಬಿಕೊಂಡು ಮಾಮೂಲಿ ಫೆರಿ ಹೊತ್ತಿಗೆ ಸರಿಯಾಗಿ ಹೊರಟಿತು. ಜೇಬಲ್ಲಿ ದುಡ್ಡಿರಲಿಲ್ಲ, ರಜೆಯೂ ಮುಗಿದಿತ್ತು. ಜೆಟ್ಟಿಯ ಮೇಲೆ ನಿಂತು ನೋಡಿದೆ ಅಷ್ಟೇ. ಆದರೆ ವಿಷಯ ತಲೆಗೆ ಹೊಕ್ಕಿತು. ಈ ದಾರಿ ಪ್ರವಾಸಿಗರದ್ದಲ್ಲ, ಲಾರಿಗಳದ್ದು. ಅವುಗಳ ಹಿಂದೆ ಹೋಗಬೇಕು.

ಮೂರನೇ ಸಲ ಮೇ ತಿಂಗಳಲ್ಲಿ ಹೊರಟೆವು. ಮೊದಲೇ ಕಾಯ್ದಿರಿಸಿದ್ದು ಎರಡೇ: ಬಾಲಿಗೆ ಹೋಗಿಬರುವ ಟಿಕೆಟ್, ಮೊದಲ ರಾತ್ರಿಯ ಕೋಣೆ. ವೀಸಾ 30 ದಿನದ್ದು, ಐದು ಲಕ್ಷ ರುಪಿಯಾ. ಜೊತೆಗೆ 2024ರ ಫೆಬ್ರುವರಿಯಿಂದ ಬಾಲಿಯವರು ತೆಗೆದುಕೊಳ್ಳುತ್ತಿರುವ ಒಂದೂವರೆ ಲಕ್ಷದ ಪ್ರವಾಸಿ ಶುಲ್ಕ. ಲೆಕ್ಕ ಇಷ್ಟೇ: ಪ್ರತಿ ದೊಡ್ಡ ದಾಟಿಗೆ ಒಂದು ದಿನ ಖಾಲಿ, ಸಾಪೆಗೆ ಮಾತ್ರ ಮೂರು. ಉಳಿದ ದಿನಗಳನ್ನು ಫ್ಲೋರೆಸ್‌ಗೆ ಬಿಟ್ಟುಕೊಡುವುದು, ಅಲ್ಲಿ ಹಿಗ್ಗಿಸಲೂ ಕುಗ್ಗಿಸಲೂ ಬರುತ್ತದೆ. ಬ್ಯಾಗು ಆರೂವರೆ ಕೆ.ಜಿ. ಅದಕ್ಕಿಂತ ಹೆಚ್ಚಾದರೆ ಫೆರಿಯ ಕಬ್ಬಿಣದ ಏಣಿಯಲ್ಲಿ ಗೊತ್ತಾಗುತ್ತದೆ.

ಬಾಲಿಯ ಪಡಾಂಗ್‌ಬಾಯ್‌ನಿಂದ ಲೊಂಬೋಕ್‌ನ ಲೆಂಬಾರ್‌ಗೆ ನಾಲ್ಕೈದು ಗಂಟೆ. ಅರವತ್ತು ಸಾವಿರ ಚಿಲ್ಲರೆ ಕೊಟ್ಟ ನೆನಪು. ವೇಗದ ದೋಣಿ ಇದರ ಐದಾರು ಪಟ್ಟು ಕೇಳುತ್ತದೆ, ಕುಲುಕಾಟದಲ್ಲಿ ಕರುಳು ಬಾಯಿಗೆ ಬರುತ್ತದೆ. ಈ ಜಲಸಂಧಿ ಬಹಳ ಆಳ, ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ನೀರು ನುಗ್ಗುವ ದಾರಿಗಳಲ್ಲಿ ಇದೂ ಒಂದು. ಡೆಕ್ಕಿನಿಂದ ನೋಡಿದರೆ ಸಮುದ್ರದ ಮೇಲೆ ನದಿ ಹರಿದ ಹಾಗೆ ಗೆರೆ ಕಾಣುತ್ತದೆ. ಏಷ್ಯಾ ಕಡೆಯ ಪ್ರಾಣಿಗಳನ್ನೂ ಆಸ್ಟ್ರೇಲಿಯಾ ಕಡೆಯವನ್ನೂ ಬೇರ್ಪಡಿಸುವ, ಪ್ರಾಣಿಶಾಸ್ತ್ರಜ್ಞ ವ್ಯಾಲೇಸ್ ಹೆಸರಿನ ಗೆರೆ ಹಾದುಹೋಗುವುದೂ ಇಲ್ಲೇ. ಆ ಮಹಾನುಭಾವ 1856ರಲ್ಲಿ ಬಾಲಿಗೂ ಲೊಂಬೋಕ್‌ಗೂ ಬಂದಿದ್ದು ಸಿಂಗಪುರದಿಂದ ಮಕಾಸ್ಸರ್‌ಗೆ ನೇರ ಹಡಗು ಸಿಗಲಿಲ್ಲ ಎಂದು. ಹಡಗು ಸಿಗದ್ದರಿಂದಲೇ ಪ್ರಾಣಿಶಾಸ್ತ್ರದ ಅಷ್ಟು ದೊಡ್ಡ ಗೆರೆ ಕಣ್ಣಿಗೆ ಬಿತ್ತು. ಇದನ್ನು ಭಾವನಿಗೆ ಹೇಳಿದೆ. ಅವರಿಗೆ ನಾಟಲಿಲ್ಲ. ಗೆರೆ ನಿಜವೋ ಸುಳ್ಳೋ ನೋಡೋಣ ಎಂದು ತಂಗಿ ಗೆರೆಯ ಪೂರ್ವಕ್ಕೆ ಸಿಗುವ ಹಳದಿ ಜುಟ್ಟಿನ ಕಾಕಟೂ ಗಿಳಿ ಹುಡುಕುತ್ತಾ ಹೊರಟಳು. ಬಾಲಿಯಲ್ಲಿ ಪಂಜರದಲ್ಲೂ ಕಾಣಲಿಲ್ಲ. ಕೊಮೊಡೊದಲ್ಲಿ ಒಂದು ತಾಳೆ ಮರದಲ್ಲಿ ನಾಲ್ಕು ಸಿಕ್ಕವು. ಅಲ್ಲಿಗೆ ಗೆರೆ ಪಾಸು.

ಇನ್ನೊಂದು ಪ್ರಯೋಗ ವಾಂತಿಯದ್ದು. ಅಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುವ ಆಂತಿಮೊ ಮಾತ್ರೆ, ಶುಂಠಿ ಮಿಠಾಯಿ, ಬರೀ ಮಲಗುವುದು, ಮೂರನ್ನೂ ಬೇರೆ ಬೇರೆ ದಾಟಿಗಳಲ್ಲಿ ಇಬ್ಬರೂ ಅದಲುಬದಲು ಮಾಡಿ ನೋಡಿದೆವು. ಮಾತ್ರೆ ಕೆಲಸ ಮಾಡುತ್ತದೆ, ಆದರೆ ಇಳಿಯುವ ಊರು ಬಂದರೂ ನಿದ್ದೆ ಬಿಡುವುದಿಲ್ಲ. ಶುಂಠಿ ಬಾಯಿಗೆ ರುಚಿ, ಅಷ್ಟೇ. ಗೆದ್ದಿದ್ದು ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ, ಹೊಟ್ಟೆ ತುಂಬ ಅನ್ನ ತಿಂದು ಅಂಗಾತ ಮಲಗುವ ವಿದ್ಯೆ. ಖಾಲಿ ಹೊಟ್ಟೆಯವರೇ ಮೊದಲು ಬೀಳುವುದು. ಮೊದಲ ದಿನ ಔಷಧಿ ಅಂಗಡಿಯಲ್ಲಿ ನನ್ನ ಭಾಷೆಯೂ ಬಿತ್ತು. ಅವರ ನುಡಿಯಲ್ಲಿ ತಲೆಗೆ ಕೆಪಾಲಾ, ಹಡಗಿಗೆ ಕಪಾಲ್. ನಾನು ತಲೆ ಹಿಡಿದುಕೊಂಡು ನನ್ನ ಹಡಗು ನೋಯುತ್ತಿದೆ ಎಂದೆ. ಅಂಗಡಿಯಾಕೆ ನಕ್ಕು ಸರಿಯಾದ ಮಾತ್ರೆಯನ್ನೇ ಕೊಟ್ಟಳು.

ಲೊಂಬೋಕ್ ಪಕ್ಕದ ಗಿಲಿ ಆಯಿರ್‌ನಲ್ಲಿ ಮೂರು ದಿನ ಇದ್ದೆವು. ಮೋಟಾರು ವಾಹನ ಇಲ್ಲದ ಪುಟ್ಟ ದ್ವೀಪ, ಕುದುರೆ ಗಾಡಿ, ಆಮೆ. ಚೆನ್ನಾಗಿತ್ತು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆಮೇಲೆ ಲೊಂಬೋಕ್‌ನ ಕಯಂಗನ್‌ನಿಂದ ಸುಂಬಾವಾದ ಪೋತೊ ತಾನೊಗೆ ಎರಡು ಗಂಟೆಯ ಸಲೀಸಾದ ದಾಟು, ಹಗಲು ರಾತ್ರಿ ಫೆರಿ ಇರುತ್ತದೆ. ರಾತ್ರಿ ಬಸ್ಸು ಮಾತ್ರ ಇಡೀ ಸುಂಬಾವಾ ಉದ್ದಕ್ಕೂ ಹಾಡು ಹಾಕಿಕೊಂಡೇ ಹೋಯಿತು. 1815ರಲ್ಲಿ ಸಿಡಿದು ಮುಂದಿನ ವರ್ಷ ಯುರೋಪಿನಲ್ಲಿ ಬೇಸಿಗೆಯನ್ನೇ ಇಲ್ಲವಾಗಿಸಿದ ಜ್ವಾಲಾಮುಖಿ ತಂಬೋರಾ ಇದೇ ದ್ವೀಪದ್ದು. ಕತ್ತಲಲ್ಲಿ ಏನೂ ಕಾಣಲಿಲ್ಲ.

ಮತ್ತೆ ಸಾಪೆ. ನಿಜವಾದ ಪರೀಕ್ಷೆ ಇಲ್ಲೇ. ಇಂಡೊನೇಷ್ಯಾದ ಹವಾಮಾನ ಸಂಸ್ಥೆ ಬಿಎಂಕೆಜಿ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ, ಎರಡೂವರೆ ಮೀಟರ್ ದಾಟಿದರೆ ಆಸೆ ಬಿಟ್ಟು ಮಲಗುವುದು ಎಂದು ನನ್ನ ನಿಯಮ. ಆದರೆ ಅದಕ್ಕಿಂತ ಲಾರಿ ಸಾಲು ಹೆಚ್ಚು ಸತ್ಯ ಹೇಳುತ್ತದೆ. ತಂಗಿ ಬೆಳಿಗ್ಗೆ ಸಂಜೆ ಎಣಿಸುತ್ತಿದ್ದಳು. ಗೇಟಿನೊಳಗೇ ಸಾಲು ಮುಗಿದರೆ ನಿನ್ನೆಯ ಫೆರಿ ಹೋಗಿದೆ. ರಸ್ತೆಗೆ ಬಂದು ತಿರುವು ದಾಟಿದ್ದರೆ ಎರಡು ದಿನದಿಂದ ಹೋಗಿಲ್ಲ. "ಅಕ್ಕಾ, ಬೆಳಿಗ್ಗೆಗಿಂತ ಹದಿನೇಳು ಜಾಸ್ತಿ" ಎಂದು ಮೊದಲ ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದಳು.

ಎರಡನೇ ದಿನ ಬೆಳಗಿನ ಜಾವ ನಾನೇ ಹೋದೆ. ಡ್ರೈವರುಗಳು ಲಾರಿಯಡಿ, ಚಾಸಿಗೆ ಜೋಲಿ ಕಟ್ಟಿಕೊಂಡು ಮಲಗಿರುತ್ತಾರೆ. ಒಂದು ಜೋಲಿಯಿಂದ ಕಾಲು ಇಳಿಬಿದ್ದಿತ್ತು, ಹೆಬ್ಬೆರಳಿಗೆ ಪ್ಲಾಸ್ಟರ್. ಆ ಮನುಷ್ಯ ಎದ್ದು ಬೀಡಿಯಷ್ಟು ಸಣ್ಣ ಸಿಗರೇಟು ಹಚ್ಚಿ, ಸಮುದ್ರದ ಕಡೆ ನೋಡಲೇ ಇಲ್ಲ. ಜೇಬಿನ ಫೋನು ಕೂಗಿತು, ಎರಡು ಮಾತಾಡಿದ, ಜೋಲಿಯ ಗಂಟು ಬಿಚ್ಚಿ ಮಡಚಿ ಸೀಟಿನ ಹಿಂದೆ ತುರುಕಿದ. ಪಕ್ಕದವನೂ ಬಿಚ್ಚಿದ. ಆಮೇಲೆ ಅದರ ಪಕ್ಕದವನು. ಟಿಕೆಟ್ ಕಿಟಕಿ ಇನ್ನೂ ಮುಚ್ಚಿತ್ತು. ಓಡಿಹೋಗಿ ತಂಗಿಯನ್ನು ಎಬ್ಬಿಸಿದೆ. ನಾವು ಚೀಲ ಹೊತ್ತು ಬರುವಷ್ಟರಲ್ಲಿ ಕಿಟಕಿ ತೆರೆದಿತ್ತು, ಸಾಲಿನಲ್ಲಿ ನಾವೇ ಮೂರನೆಯವರು. ಆ ಫೋನು ಯಾರದ್ದು, ಮುಂದಿನ ಬಂದರುಗಳಲ್ಲಿ ಅಂಥ ಫೋನು ನಮಗೇ ಬರುವಂತೆ ಹೇಗೆ ಮಾಡಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬರೆದರೆ ಎಲ್ಲರೂ ಅವರಿಗೇ ಕರೆ ಮಾಡುತ್ತಾರೆ. ಗಾಳಿ ಬರುವ ಹಾಸಿಗೆ ಹಡಗಿನಲ್ಲಿ ಎಲ್ಲಿ ಸಿಗುತ್ತದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಏಳು ಗಂಟೆಯ ದಾಟು, ಲಾಬುವಾನ್ ಬಾಜೊ. ಜೇಬು ಹರಿದಿದ್ದು ಇಲ್ಲೇ. ಒಂದು ದಿನದ ಸ್ಪೀಡ್‌ಬೋಟಿಗೆ ಹದಿನೈದು ಲಕ್ಷ, ಕೊಮೊಡೊ ರಾಷ್ಟ್ರೀಯ ಉದ್ಯಾನದ ಶುಲ್ಕ ಬೇರೆ. 2022ರಲ್ಲಿ ಇದನ್ನು ಮೂವತ್ತೇಳೂವರೆ ಲಕ್ಷಕ್ಕೆ ಏರಿಸಹೊರಟಾಗ ಊರಿನವರೇ ಮುಷ್ಕರ ಹೂಡಿದ್ದರು, ಕೊನೆಗೆ ಸರ್ಕಾರ ಏರಿಕೆಯನ್ನು ಕೈಬಿಟ್ಟಿತು. ಬದುಕಿದೆವು. ಕವಲುಕೋಲು ಹಿಡಿದ ಕಾವಲುಗಾರನ ಹಿಂದೆ ನಡೆದು ನೋಡಿದ ಕೊಮೊಡೊ ಉಡ ಅಡುಗೆಮನೆಯ ಕೆಳಗೆ ಮಲಗಿತ್ತು, ಕಣ್ಣು ಕೂಡ ತೆರೆಯಲಿಲ್ಲ.

ಫ್ಲೋರೆಸ್‌ನಲ್ಲಿ ಹತ್ತು ದಿನ. ಪೂರ್ತಿ ತಿರುವಿನ ರಸ್ತೆ, ಕಾರಿನವನೇ ಎಲ್ಲರಿಗೂ ವಾಂತಿ ಚೀಲ ಹಂಚುತ್ತಾನೆ. ನಮ್ಮ ಅಂಗಾತ ಮಲಗುವ ವಿದ್ಯೆ ಇಲ್ಲಿ ನಡೆಯಲಿಲ್ಲ. ರೂತೆಂಗ್ ಹತ್ತಿರ ಜೇಡರ ಬಲೆಯ ಆಕಾರದ ಗದ್ದೆ, ಬಜಾವಾದಲ್ಲಿ ಕಾಫಿ, ಮುಂದೆ ಇಂಡೊನೇಷ್ಯಾದ ಮೊದಲ ಅಧ್ಯಕ್ಷರಾದ ಸುಕರ್ಣೊರನ್ನು ಡಚ್ಚರು 1934ರಿಂದ 38ರವರೆಗೆ ಗಡಿಪಾರು ಮಾಡಿ ಇಟ್ಟಿದ್ದ ಎಂದೆ ಎಂಬ ಊರು. ಅಲ್ಲಿ ದೀವಿಹಲಸಿನ ಮರದ ಕೆಳಗೆ ಕೂತಾಗ ಅವರಿಗೆ ಪಂಚಸಿಲಾ, ಅಂದರೆ ಆ ದೇಶದ ಐದು ಮೂಲತತ್ವಗಳು, ಹೊಳೆಯಿತಂತೆ. ನಾನೂ ಕೂತೆ, ಸೊಳ್ಳೆ ಕಚ್ಚಿತು. ಕೆಲಿಮುತು ಜ್ವಾಲಾಮುಖಿಯ ಮೇಲಿನ ಮೂರು ಬಣ್ಣದ ಕೆರೆಗಳಿಗೆ ಮೊದಲ ದಿನ ಹೋದಾಗ ಬರೀ ಮಂಜು. ಖಾಲಿ ದಿನ ಇಟ್ಟುಕೊಂಡಿದ್ದರಿಂದ ಮರುದಿನ ಮತ್ತೆ ಹತ್ತಿದೆವು, ಆರೂಮುಕ್ಕಾಲಿಗೆ ಪರದೆ ಸರಿಯಿತು. ಒಂದು ಮೈಲುತುತ್ತದ ನೀಲಿ, ಇನ್ನೊಂದು ಅದಕ್ಕಿಂತ ಹಸಿರು, ಮೂರನೆಯದು ಕಪ್ಪು. ಪ್ಯಾಕೇಜಿನವರು ಹಿಂದಿನ ದಿನವೇ ಮಂಜಿನ ಫೋಟೊ ಹೊಡೆದುಕೊಂಡು ಹೋಗಿದ್ದರು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು, ಬಾಲಿಗೆ ಹೋಗಿಬರುವ ಟಿಕೆಟ್ ಬಿಟ್ಟು, ತಲೆಗೆ: ವಸತಿ ನಲವತ್ತು ಲಕ್ಷ ದಾಟಿತು, ಊಟ ಇಪ್ಪತ್ತೈದು ಲಕ್ಷದ ಹತ್ತಿರ, ಕೊಮೊಡೊ ಇಪ್ಪತ್ತು, ಬಸ್ಸು ಕಾರು ಬೈಕು ಎಲ್ಲಾ ಸೇರಿ ಹದಿಮೂರು. ವೀಸಾ ಮತ್ತು ಶುಲ್ಕ ಆರೂವರೆ, ಕೊನೆಗೆ ಬಾಲಿಗೆ ವಾಪಸ್ ಬಂದ ವಿಮಾನ ಹನ್ನೆರಡು. ಅಷ್ಟೂ ಸಮುದ್ರ ದಾಟಿದ ಫೆರಿಗಳಿಗೆ? ನಾಲ್ಕು ಲಕ್ಷ ಆಗಲಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು: ಸೋಯಾ ಹುಳಿಸಿ ಮಾಡಿದ ತೆಂಪೆ, ಕಡಲೆಕಾಯಿ ಗೊಜ್ಜಿನ ತರಕಾರಿ ಗಾದೊ-ಗಾದೊ ಇದ್ದೇ ಇರುತ್ತದೆ, ಆದರೆ ಸಾಂಬಾಲ್ ಚಟ್ನಿಯಲ್ಲಿ ಸಿಗಡಿ ಹುಳಿಸಿ ಅರೆದ ತೆರಾಸಿ ಇರುತ್ತದೆ, ಕೇಳಿ ತಿನ್ನಿ. ನಾನು ಮೂರು ದಿನ ಚಪ್ಪರಿಸಿ ತಿಂದಮೇಲೆ ಕೇಳಿದೆ. ಎಟಿಎಂನಲ್ಲಿ ಒಂದು ಸಲಕ್ಕೆ ಹನ್ನೆರಡೂವರೆ ಲಕ್ಷಕ್ಕಿಂತ ಹೆಚ್ಚು ಬರದ ಜಾಗಗಳಿವೆ, ಪ್ರತಿ ಸಲವೂ ಕಮಿಷನ್. ಇಪ್ಪತ್ತೈದು ಕೊಡುವ ಯಂತ್ರ ಸಿಕ್ಕರೆ ಬಿಡಬೇಡಿ.

ಕೊನೆಯ ದಾಟು ಫ್ಲೋರೆಸ್ ಪೂರ್ವ ತುದಿಯ ಲರಾಂತುಕಾ ಪಕ್ಕದ ವೈಬಾಲುನ್‌ನಿಂದ ತಿಮೋರ್‌ನ ಕುಪಾಂಗ್‌ಗೆ, ಇಡೀ ರಾತ್ರಿ. ಹಂದಿ, ಕೋಳಿ, ಬಾಳೆಗೊನೆ, ನಾವು. ಕುಪಾಂಗ್‌ನ ಬೊಲೊಕ್ ಬಂದರಿನಲ್ಲಿ ಇಳಿದಾಗ 24ನೇ ದಿನ, ಎರಡು ದಿನ ಇನ್ನೂ ಕೈಯಲ್ಲಿತ್ತು. ಭಾವನಿಗೆ ಫೋಟೊ ಕಳಿಸಿದೆ. "ವಾಪಸ್ಸಾದರೂ ವಿಮಾನದಲ್ಲಿ ತಾನೆ ಬರೋದು?" ಎಂದು ಬರೆದರು. ಹೌದು, ಕುಪಾಂಗ್‌ನಿಂದ ಬಾಲಿಗೆ ಎರಡು ಗಂಟೆಯೂ ಬೇಡ. ಆದರೆ ಆ ವಿಮಾನ ಹೊರಟಿದ್ದು ಮೂರೂವರೆ ಗಂಟೆ ತಡವಾಗಿ. ನಿಲ್ದಾಣದಲ್ಲಿ ಎಣಿಸಲು ಲಾರಿಯೂ ಇರಲಿಲ್ಲ.