ಆಟಕ್ಕೆ ಹೊತ್ತು ತೆಗೆದಿಡುವುದು ಹೇಗೆ?

ನಮ್ಮ ಕೊಡಗಿನಲ್ಲಿ ಹಾಕಿ ಹಬ್ಬದ ದಿನಗಳಲ್ಲಿ ಮೈದಾನದ ಬದಿಯಲ್ಲಿ ಐಸ್ ಡಬ್ಬ ಹಿಡಿದು ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಹತ್ತು ನಿಮಿಷದಲ್ಲೇ ತೊಡೆಯ ಹಿಂಬದಿ ಹಿಡಿದುಕೊಂಡು ಕುಂಟುತ್ತಾ ಹೊರಬರುವವರಲ್ಲಿ ಹೆಚ್ಚಿನವರು ವರ್ಷವಿಡೀ ಆಡದೇ ಇದ್ದವರು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಕುಟುಂಬಗಳು ತಂಡ ಕಟ್ಟಿದ್ದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಓಡುವ ನಾಡು ಇದು. ಆದರೂ ಹಬ್ಬ ಮುಗಿದ ಮರುದಿನ ಸ್ಟಿಕ್ ಅಟ್ಟ ಸೇರುತ್ತದೆ, ಮುಂದಿನ ಏಪ್ರಿಲ್ ತನಕ ಇಳಿಯುವುದಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದ ನಾನು ನಿವೃತ್ತಿಯ ನಂತರ ನಮ್ಮೂರಿನ ಮೈದಾನದಲ್ಲಿ ದೊಡ್ಡವರನ್ನು ಸೇರಿಸಿ ಆಡಿಸುತ್ತಿದ್ದೇನೆ. ಬಂದವರಲ್ಲಿ ಬಿಟ್ಟುಹೋದವರೇ ಹೆಚ್ಚು. ಆಟ ಬಾರದ್ದಕ್ಕೆ ಬಿಟ್ಟವರನ್ನು ನಾನು ಕಂಡಿಲ್ಲ. ಎಲ್ಲರೂ ಸೋತದ್ದು ಹೊತ್ತಿನ ವಿಷಯದಲ್ಲಿ. ಕೆಲಸವೆಲ್ಲ ಮುಗಿದ ಮೇಲೆ ಆಡೋಣ ಎಂದುಕೊಂಡರು. ತೋಟದ ಮನೆಯಲ್ಲಿ ಕೆಲಸ ಮುಗಿಯುವುದೆಂದರೇನು? ಬಿತ್ತನೆಯ ಭತ್ತವನ್ನು ಊಟದ ಭತ್ತ ಮುಟ್ಟುವ ಮೊದಲೇ ತೆಗೆದಿಡುತ್ತೇವೆ. ಉಂಡು ಉಳಿದರೆ ಬಿತ್ತೋಣ ಎನ್ನುವುದಿಲ್ಲ. ಆಟದ ಹೊತ್ತನ್ನೂ ಹಾಗೆಯೇ ಮೊದಲು ತೆಗೆದಿಡಬೇಕು.

ಹೆಜ್ಜೆ 1: ಹನ್ನೆರಡನೆಯ ವಯಸ್ಸಿನ ಆಟಗಳನ್ನು ಬರೆಯಿರಿ

ಒಂದು ಹಾಳೆಯಲ್ಲಿ ಚಿಕ್ಕಂದಿನಲ್ಲಿ ಆಡಿದ್ದನ್ನೆಲ್ಲ ಬರೆಯಿರಿ: ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಶಟಲ್, ಚೆನ್ನೆಮಣೆ, ಹೊಳೆಯಲ್ಲಿ ಈಜು. ಯಾವ ಹೆಸರು ಬರೆಯುವಾಗ ಮುಖದಲ್ಲಿ ನಗು ಬಂತೋ ಅದರ ಕೆಳಗೆ ಗೆರೆ ಎಳೆಯಿರಿ.

ಟಿವಿಯಲ್ಲಿ ಕ್ರಿಕೆಟ್ ನೋಡುವುದನ್ನು ಈ ಪಟ್ಟಿಗೆ ಸೇರಿಸಬೇಡಿ. ಮೊಬೈಲಿನಲ್ಲಿ ರೀಲ್ಸ್ ಸರಿಸುವುದನ್ನೂ ಸೇರಿಸಬೇಡಿ. ಅವು ದಣಿದವರು ಒರಗುವ ದಿಂಬುಗಳು, ಬೇಕಾದರೆ ಇರಲಿ, ಆದರೆ ಅವನ್ನು ಆಟವೆಂದು ಲೆಕ್ಕಕ್ಕೆ ತೆಗೆದುಕೊಂಡರೆ ಆಟ ಎಂದಿಗೂ ಶುರುವಾಗುವುದಿಲ್ಲ. ಹಣ ಕಟ್ಟಿ ಆಡುವ ಇಸ್ಪೀಟನ್ನಂತೂ ಹತ್ತಿರ ಸೇರಿಸಲೇಬೇಡಿ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಸೋತವನು ಮನೆಗೆ ಮುಖ ತೋರಿಸಲು ಅಂಜುವಂತಾದರೆ ಅದರಲ್ಲಿ ಮನಸ್ಸಿಗೆ ವಿಶ್ರಾಂತಿ ಎಲ್ಲಿದೆ?

ಹೆಜ್ಜೆ 2: ಒಂದು ಆಟ, ಒಬ್ಬ ಜೊತೆಗಾರ

ಹೆಚ್ಚು ಬೇಡ. ಹನ್ನೊಂದು ಜನ ಸೇರಲಿ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ.

ಹೆಜ್ಜೆ 3: ನಮ್ಮ ಹವೆಗೆ ಹೊಂದುವ ಹೊತ್ತನ್ನು ಆರಿಸಿ

ಬೆಂಗಳೂರಿನವರು ಬರೆದ ವೇಳಾಪಟ್ಟಿ ನಮ್ಮಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಆಗ ಮೈದಾನದ ಆಸೆ ಬಿಟ್ಟು ಕೇರಂ, ಚೆನ್ನೆಮಣೆ ಹಿಡಿಯಿರಿ. ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ ಸಾಕು. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜವೂ ಆದೀತು. ನವೆಂಬರ್ ಕೊನೆಯಿಂದ ಅರೇಬಿಕಾ ಕಾಫಿಯ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಈ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ ಮಾತ್ರ ಇಟ್ಟುಕೊಳ್ಳಿ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಸ್ಪ್ರಿಂಕ್ಲರ್ ಪೈಪು ಬದಲಿಸುವ ಓಡಾಟವಿದ್ದರೂ ಬೆಳಗಿನ ಹೊತ್ತು ಸಿಗುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಆಟಕ್ಕೆ ಒಳ್ಳೆಯ ತಿಂಗಳುಗಳು.

ಸಿದ್ದಾಪುರ, ತಿತಿಮತಿ ಕಡೆಯವರು ಸಂಜೆ ಐದೂವರೆಗೆ ಆಟ ನಿಲ್ಲಿಸಿ ಮನೆ ಸೇರಬೇಕು. ಆನೆ ಓಡಾಡುವ ದಾರಿಯಲ್ಲಿ ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಬರುವ ಧೈರ್ಯ ಯಾರಿಗೂ ಬೇಡ. ಅಂಥವರಿಗೆ ಬೆಳಿಗ್ಗೆ ಏಳೂವರೆಯ ನಂತರದ ಹೊತ್ತೇ ಸರಿ.

ಹೆಜ್ಜೆ 4: ತೆಗೆದಿಟ್ಟ ಹೊತ್ತನ್ನು ಕಾಪಾಡಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಮನೆಯವರಿಗೆ ಬಾಯಿಬಿಟ್ಟು ಹೇಳಿ. "ಸಮಯ ಸಿಕ್ಕರೆ ಹೋಗಿಬರುತ್ತೇನೆ" ಎಂದರೆ ಆ ಹೊತ್ತನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ನೀವೇ ಅಪ್ಪಣೆ ಕೊಟ್ಟಂತೆ. "ಮಂಗಳವಾರ, ಶುಕ್ರವಾರ ನಾಲ್ಕೂವರೆಯಿಂದ ಐದೂಕಾಲರ ತನಕ ನಾನು ಮನೆಯಲ್ಲಿ ಇರುವುದಿಲ್ಲ" ಎನ್ನಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುತ್ತೀರಲ್ಲ, ಅದರಲ್ಲೇ ಇದನ್ನೂ ಬರೆಯಿರಿ. ಬರೆದದ್ದಕ್ಕೆ ಮನೆಯಲ್ಲಿ ಒಂದು ಬೆಲೆ ಬರುತ್ತದೆ.

ಎರಡನೆಯದು, ಅದರ ಹಿಂದಿನ ಒಂದು ಗಂಟೆ. ನಾಲ್ಕೂವರೆಗೆ ಹೊರಡಬೇಕಾದವರು ನಾಲ್ಕೂಕಾಲಿಗೆ ಕಣದ ಕಡೆ ನೋಡುತ್ತಾರೆ, ಕಾಫಿ ಹರಡಿಕೊಂಡೇ ಇರುತ್ತದೆ, ಅಲ್ಲಿಗೆ ಆ ದಿನದ ಆಟ ಮುಗಿಯಿತು. ಮೂರೂವರೆಗೇ ರಾಶಿ ಮಾಡಿಸಿ ಟಾರ್ಪಾಲು ಹೊದಿಸುವ ಏರ್ಪಾಟು ಮಾಡಿಕೊಳ್ಳಿ. ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳುವ ಕೆಲಸವಿದ್ದರೆ ಆ ಎರಡು ದಿನ ಇನ್ನೊಬ್ಬರಿಗೆ ವಹಿಸಿ. ಅತ್ತೆ ಮಾವನಿಗೆ ಸಂಜೆಯ ಕಾಫಿಯನ್ನು ಫ್ಲಾಸ್ಕಿನಲ್ಲಿ ಹಾಕಿಡಿ. ಸಂಬಳ ಬಟವಾಡೆ ಮಾಡುವ ದಿನವನ್ನೂ ಸಂತೆಯ ದಿನವನ್ನೂ ಆಟಕ್ಕೆ ಆರಿಸಲೇಬೇಡಿ, ಎರಡೂ ಕೆಡುತ್ತವೆ. ಕಚೇರಿಯಿಂದ ಬರುವವರು ಮನೆಗೆ ಹೋಗಿ ಬಟ್ಟೆ ಬದಲಿಸಿ ಬರುತ್ತೇನೆ ಎನ್ನಬಾರದು. ಮನೆಯ ಮೆಟ್ಟಿಲು ಹತ್ತಿದವರು ಮರಳಿ ಇಳಿದದ್ದನ್ನು ನಾನು ನೋಡಿಲ್ಲ. ಬೂಟು ಚೀಲದಲ್ಲೇ ಇರಲಿ, ಅಲ್ಲಿಂದಲೇ ನೇರ ಮೈದಾನಕ್ಕೆ.

ಮೂರನೆಯದು, ಹೆಣ್ಣುಮಕ್ಕಳಿಗೆ ವಿಶೇಷವಾಗಿ: ಮನೆಯಿಂದ ಹೊರಗೆ ಬನ್ನಿ. ಅಂಗಳದಲ್ಲೇ ಆಡುತ್ತೇನೆ ಎಂದರೆ ಕುಕ್ಕರ್ ಕೂಗುತ್ತದೆ, ಕೊರಿಯರ್‌ನವನು ಬರುತ್ತಾನೆ, "ಅಮ್ಮಾ, ನನ್ನ ಚಾರ್ಜರ್ ಎಲ್ಲಿ?" ಎಂಬ ಪ್ರಶ್ನೆ ಒಳಗಿನಿಂದ ಬರುತ್ತದೆ. ಮೊಬೈಲನ್ನು ಮನೆಯಲ್ಲಿ ಬಿಟ್ಟುಬನ್ನಿ. ಆಗದಿದ್ದರೆ ಚೀಲದಲ್ಲಿಟ್ಟು ಎರಡೇ ಎರಡು ನಂಬರುಗಳಿಗೆ ಗಂಟೆ ಕೇಳುವಂತೆ ಮಾಡಿ.

ನಾಲ್ಕನೆಯದನ್ನು ಯಾರೂ ತಪ್ಪೆಂದು ತಿಳಿಯುವುದೇ ಇಲ್ಲ: ಮೊದಲ ದಿನವೇ ಎರಡು ಗಂಟೆ ಆಡುವುದು. ಅಂದು ಬಹಳ ಖುಷಿಯಾಗುತ್ತದೆ. ಮರುದಿನ ಮೀನಖಂಡ ಕಲ್ಲಾಗಿರುತ್ತದೆ, ರಾತ್ರಿಯ ಅಡುಗೆ ತಡವಾದದ್ದಕ್ಕೆ ಮನೆಯಲ್ಲಿ ಗೊಣಗಾಟ ಎದ್ದಿರುತ್ತದೆ, ಮುಂದಿನ ಬಾರಿ ಹೊರಡಲು ನಿಮಗೇ ಅಳುಕು. ಮೊದಲ ಮೂರು ವಾರ ನಲವತ್ತು ನಿಮಿಷ ದಾಟಬೇಡಿ. ಇನ್ನೊಂದು ಆಟ ಆಡೋಣ ಎಂಬ ಆಸೆ ಇರುವಾಗಲೇ ಎದ್ದು ಬನ್ನಿ. ಆ ಆಸೆಯೇ ಶುಕ್ರವಾರ ನಿಮ್ಮನ್ನು ಎಳೆದು ತರುತ್ತದೆ. ನಾನು ಸೀಟಿ ಊದಿ ನಿಲ್ಲಿಸುತ್ತೇನೆ, ಬೇಡಿಕೊಂಡರೂ ಬಿಡುವುದಿಲ್ಲ.

ಇನ್ನು ಮೂರನೆಯ ವಾರ. ನಮ್ಮ ತೋಟದಾಚೆಯ ಮನೆಯ ತಂಗಿಯೊಬ್ಬಳು ನಾಲ್ಕು ಬಾರಿ ಬಂದು ಚೆನ್ನಾಗಿ ಥ್ರೋಬಾಲ್ ಆಡಿದಳು. ಐದನೆಯ ಬಾರಿ ಗೇಟಿನ ಬಳಿಯೇ ನಿಂತಳು. "ಟೀಚರ್, ಎಲ್ಲರೂ ಹಣ್ಣು ಕೊಯ್ಯುವಾಗ ನಾನು ಚೆಂಡು ಹಿಡಿದು ನಿಂತರೆ ನೋಡಿದವರು ಏನು ಅಂದುಕೊಳ್ಳುತ್ತಾರೆ?" ಎಂದಳು. ಈ ಮಾತು ಮೂರನೆಯ ವಾರದಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ಹೊಸತರ ಉತ್ಸಾಹ ಇಳಿದು, ಅಭ್ಯಾಸ ಇನ್ನೂ ಬೇರುಬಿಡದ ಹೊತ್ತು ಅದು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಮ್ಮ ಹಿರಿಯರು ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ನಾಟಿ ಮಾಡಿ, ದೊಡ್ಡ ಗದ್ದೆ ಮುಗಿದಾಗ ಅದೇ ಗದ್ದೆಯಲ್ಲಿ ನಾಟಿ ಓಟ ಓಡುತ್ತಿದ್ದರು. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ನೇಗಿಲು, ಕೋವಿ, ಕತ್ತಿಗಳಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ನಿಲ್ಲುತ್ತಿದ್ದರು, ಈಗಲೂ ನಿಲ್ಲುತ್ತೇವೆ. ಸುಗ್ಗಿಯ ಹಬ್ಬವಾದ ಹುತ್ತರಿಗೆ ಕದಿರು ತೆಗೆದ ಮೇಲೆ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ. ಹುತ್ತರಿ ಬರುವುದು ಕೊಯ್ಲಿನ ಹೊತ್ತಿಗೇ. ಕೆಲಸ ಬಾಕಿ ಇದೆ ಎಂದು ಯಾರೂ ಹುತ್ತರಿಯನ್ನು ಮುಂದೂಡಲಿಲ್ಲ. ವರ್ಷದ ಲೆಕ್ಕದಲ್ಲಿ ಅವರು ಆಟದ ದಿನಗಳನ್ನು ಮೊದಲೇ ಗೊತ್ತುಮಾಡಿಟ್ಟಿದ್ದರು, ಆದ್ದರಿಂದ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ನಾವು ಅದನ್ನು ವಾರದ ಲೆಕ್ಕಕ್ಕೆ ತರುತ್ತಿದ್ದೇವೆ, ಅಷ್ಟೇ. ಅವಳು ಅಂದು ಆಡಿದಳು. ಈಗ ಚೆಂಡಿನ ಚೀಲ ಅವಳ ಮನೆಯಲ್ಲೇ ಇರುತ್ತದೆ. ಮೂರನೆಯ ವಾರದಲ್ಲಿ ಹಿಂಜರಿಯುವವರ ಕೈಗೆ ಚೆಂಡಿನ ಚೀಲ ಕೊಡುವುದು ನಾನು ಕಲಿತ ಒಳ್ಳೆಯ ಉಪಾಯ. ಚೀಲ ಇಟ್ಟುಕೊಂಡವರು ಬರಲೇಬೇಕಲ್ಲ.

ಬಂದವರು ಒಬ್ಬರೇ ಆದರೂ ಹೇಳಿದ ಹೊತ್ತಿಗೆ ಶುರುಮಾಡಿ. ಗೋಡೆಗೆ ಚೆಂಡು ಹೊಡೆಯುತ್ತಿರಿ.

ಹೆಜ್ಜೆ 5: ಮೈಯನ್ನು ಅಣಿಗೊಳಿಸಿ

ಐದು ನಿಮಿಷ ನಡಿಗೆ, ಐದು ನಿಮಿಷ ನಿಧಾನದ ಓಟ, ಆಮೇಲೆ ಕಾಲು ಬೀಸುವುದು, ಸೊಂಟ ತಿರುಗಿಸುವುದು. ನಲವತ್ತು ದಾಟಿದವರು ಇದನ್ನು ಬಿಟ್ಟು ನೇರ ಆಟಕ್ಕೆ ಇಳಿಯುವುದಾದರೆ ಮನೆಯಲ್ಲೇ ಇರುವುದು ಮೇಲು. ರಕ್ತದೊತ್ತಡ, ಎದೆನೋವು, ಮಂಡಿಯ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಹಾಕಿ ಹಬ್ಬಕ್ಕೆ ತಂಡದಲ್ಲಿ ಹೆಸರು ಕೊಡುವವರು ಜನವರಿಯಿಂದಲೇ ವಾರಕ್ಕೆ ಮೂರು ದಿನ ಓಡಬೇಕು. ಮುನ್ನಾದಿನ ಸಂಜೆ ಓಡಿದರೆ ಅದರಿಂದ ನೋವು ಮಾತ್ರ ಸಿಗುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಎರಡು ಸಂಜೆಯ ಆಟ ಅದರ ಅರ್ಧ ಭಾಗವನ್ನು ತುಂಬುತ್ತದೆ. ಆದರೆ ನಿಮಿಷ ಎಣಿಸುತ್ತಾ ಆಡಬೇಡಿ. ಕೈಗೆ ಗಡಿಯಾರ ಕಟ್ಟಿಕೊಂಡು ಹೆಜ್ಜೆ, ಕ್ಯಾಲೊರಿ ನೋಡುತ್ತಿರುವವರಿಗೆ ಎದುರಿನ ಚೆಂಡು ಕಾಣುವುದಿಲ್ಲ.

ಸಾಮಾನಿನ ಬಗ್ಗೆ

ಆಟಿಕೆ ಅಂಗಡಿಯಲ್ಲಿ ತೂಗುಹಾಕಿರುವ ಎರಡು ರ‍್ಯಾಕೆಟ್, ಒಂದು ಪ್ಲಾಸ್ಟಿಕ್ ಶಟಲ್‌ನ ಅಗ್ಗದ ಜೋಡಿಯನ್ನು ಕೊಳ್ಳಬೇಡಿ. ಹಿಡಿಯೂ ತಲೆಯೂ ಸೇರುವ ಜಾಗದಲ್ಲಿ ಅದು ವಾರದೊಳಗೆ ಸಡಿಲವಾಗುತ್ತದೆ. ಹೊರಗೆ ಆಡಲು ಗರಿಯ ಶಟಲ್ ದುಡ್ಡು ದಂಡ, ನೈಲಾನ್ ಸಾಕು. ಮಡಿಕೇರಿಯಂಥ ಸಾವಿರ ಮೀಟರಿಗೂ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಶಟಲ್ ತುಸು ಬೇಗ ಹಾರುತ್ತದೆ. ನಿಧಾನದ್ದೆಂದು ಗುರುತಿಸಿದ ಹಸಿರು ಪಟ್ಟಿಯದನ್ನೇ ಕೇಳಿ ತನ್ನಿ.

ಕೇರಂ ಬೋರ್ಡಿನ ವಿಷಯದಲ್ಲಿ ನಮ್ಮ ಮಳೆಯನ್ನು ನೆನಪಿನಲ್ಲಿಡಬೇಕು. ತೆಳು ಹಲಗೆಯದು ಜುಲೈ ಮುಗಿಯುವಷ್ಟರಲ್ಲಿ ನಡುವೆ ಉಬ್ಬಿ, ಕಾಯಿಗಳೆಲ್ಲ ಮೂಲೆಗೆ ಜಾರತೊಡಗುತ್ತವೆ. ಒಳಅಳತೆ 29 ಇಂಚಿನ, ದಪ್ಪ ಪ್ಲೈವುಡ್‌ನದನ್ನು ನಾಲ್ಕು ಮನೆಯವರು ಸೇರಿ ಒಂದೇ ಕೊಳ್ಳಿ. ಗೋಡೆಗೆ ಓರೆಯಾಗಿ ಒರಗಿಸಿಡಬೇಡಿ, ಬಾಗುತ್ತದೆ. ಒಣಗಲೆಂದು ಒಲೆಯ ನೇರ ಮೇಲೆ ಇಡುವುದೂ ತಪ್ಪು, ಅಂಚು ಬಿರಿಯುತ್ತದೆ. ಅಡುಗೆಮನೆಯ ಒಳಗೋಡೆಗೆ ಎರಡು ಮೊಳೆಯಲ್ಲಿ ನೆಟ್ಟಗೆ ತೂಗುಹಾಕಿ. ಬೋರಿಕ್ ಪುಡಿ ಮುಗಿದಾಗ ಮೈದಾ ಹಾಕುವ ಅಡ್ಡದಾರಿ ಹಿಡಿಯಬೇಡಿ. ತೇವಕ್ಕೆ ಅದು ಅಂಟಾಗುತ್ತದೆ, ಇರುವೆಯೂ ಬರುತ್ತದೆ. ಬೋರಿಕ್ ಪುಡಿ ಮುಟ್ಟಿದ ಮಕ್ಕಳು ಕೈ ತೊಳೆಯದೆ ತಿಂಡಿಗೆ ಕೈ ಹಾಕಬಾರದು.

ಸಿಮೆಂಟಿನ ಕಣ ಶಟಲ್ ಆಡಲು ಚೆನ್ನ, ಆದರೆ ಮಳೆಗಾಲದ ನಂತರ ಪಾಚಿ ಕಟ್ಟಿರುತ್ತದೆ. ಉಜ್ಜಿ ತೊಳೆದು, ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಇಳಿಯಿರಿ.

ತೋಟದ ಮಾಲೀಕರಲ್ಲಿ ಒಂದು ಕೋರಿಕೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಕೆಲಸಗಾರರಿಗೆ ಮನರಂಜನೆಯ ಅನುಕೂಲ ಕಲ್ಪಿಸುವ ಮಾತಿತ್ತು. ಕಾಫಿ ಇಲ್ಲದ ತಿಂಗಳುಗಳಲ್ಲಿ ಖಾಲಿ ಬಿದ್ದಿರುವ ಕಣವನ್ನು ಭಾನುವಾರ ಲೈನ್‌ಮನೆಗಳಲ್ಲಿರುವ ಕೆಲಸಗಾರರಿಗೆ ಬಿಟ್ಟುಕೊಡಿ. ಒಂದು ನೆಟ್, ಒಂದು ವಾಲಿಬಾಲ್ ತೆಗೆಸಿಕೊಡಿ. ದಣಿವು ಎಲ್ಲರ ಮೈಗೂ ಒಂದೇ.

ತಪ್ಪಿಹೋದರೆ

ತಪ್ಪಿಯೇ ತಪ್ಪುತ್ತದೆ. ಕೊಯ್ಲಿಗೆ ಆಳು ಸಿಗದೆ, ಮನೆಯಲ್ಲಿ ಕಾಯಿಲೆ ಬಂದು, ಸಾವು ನೋವು ಆಗಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಬಿಟ್ಟ ದಿನಗಳನ್ನು ತೀರಿಸುವ ಸಾಲವೆಂದು ತಿಳಿಯಬೇಡಿ, ಮುಂದಿನ ಮಂಗಳವಾರ ಮತ್ತೆ ಇಪ್ಪತ್ತು ನಿಮಿಷದಿಂದ ತೊಡಗಿ. ಆದರೆ ಎರಡು ವಾರ ಕಳೆದರೂ ಆಟದಲ್ಲಷ್ಟೇ ಅಲ್ಲ, ಊಟದಲ್ಲಿ, ಮಾತಿನಲ್ಲಿ, ಯಾವುದರಲ್ಲೂ ಮನಸ್ಸು ನಿಲ್ಲದೆ ನಿದ್ದೆಯೂ ಕೆಟ್ಟಿದ್ದರೆ ಅದು ಚೆಂಡಿನಿಂದ ಸರಿಹೋಗುವ ವಿಷಯವಲ್ಲ, ವೈದ್ಯರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಜೊತೆಗಾರರು ಹೀಗೆ ಬಾರದೇ ಹೋದಾಗ ಉಳಿದವರು ಮಾಡಬೇಕಾದದ್ದು ಒಂದಿದೆ. ಫೋನಿನಲ್ಲಿ ಸಂದೇಶ ಕಳಿಸಿ ಸುಮ್ಮನಾಗದೆ, ಆಟ ಮುಗಿಸಿ ಹೋಗುವಾಗ ಅವರ ಮನೆಯ ಕಡೆ ತಿರುಗಿ, ಹತ್ತು ನಿಮಿಷ ಕುಳಿತು, ಕಾಫಿ ಕುಡಿದು ಬನ್ನಿ.