ಕರಿದ ಎಣ್ಣೆಯಲ್ಲಿ ಕಾರು ಓಡಿಸೋಣ, ಮೊದಲು ನೀರು ತೆಗೆಯೋಣ

ಕೋಲಾರದಲ್ಲಿ ನೀರು ಜಾಸ್ತಿ ಆಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತವನು ನಾನೊಬ್ಬನೇ ಇರಬೇಕು. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರುವ ಸೀಮೆ ಇದು. ಇಲ್ಲಿ ನನ್ನ ಹತ್ತು ಲೀಟರ್ ಎಣ್ಣೆಯೊಳಗೆ ಎಲ್ಲಿಂದಲೋ ಸೇರಿಕೊಂಡಿದ್ದ ಒಂದು ಲೋಟ ನೀರು ಇಡೀ ಡ್ರಮ್ಮನ್ನು ರಾಗಿ ಮುದ್ದೆ ಮಾಡಿ ಕೂರಿಸಿತು. ಡೀಸೆಲ್ ಮಾಡಲು ಹೊರಟವನು ಸೋಪು ಮಾಡಿದ್ದೆ. ಅಮ್ಮ ಬಂದು ಇಣುಕಿ ನೋಡಿ, "ಹೋಗ್ಲಿ ಬಿಡಪ್ಪ, ಬಟ್ಟೆ ಒಗೆಯೋಕಾದ್ರೂ ಆಯ್ತಲ್ಲ" ಅಂದರು. ಅದಕ್ಕೂ ಆಗಲಿಲ್ಲ, ಒಳಗೆ ವಿಷ ಇತ್ತು. ಆ ವಿಷಯ ಮುಂದೆ ಹೇಳುತ್ತೇನೆ.

ಈಗ ನನ್ನ ಹಳೇ ಸುಮೋ ಬೋಂಡಾ ಕರಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಬೆರೆಸಿಕೊಂಡು ಆರಾಮಾಗಿ ಓಡುತ್ತಿದೆ. ಹೇಗೆ ಮಾಡೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ದುಡ್ಡು ಉಳಿಸುವುದೊಂದೇ ಉದ್ದೇಶವಾದರೆ ಬೇಡ. ಸಣ್ಣ ಪ್ರಮಾಣದಲ್ಲಿ ಮಾಡಿದರೆ ಉಳಿಯುವುದು ಕಡಿಮೆ, ಕೈಕೆಲಸ ಮಾತ್ರ ಬೇಕಾದಷ್ಟು.

ಎಣ್ಣೆಯನ್ನೇ ಸುರಿದರೆ ಆಗಲ್ವಾ?

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಚಿಂತಾಮಣಿ, ಪಾವಗಡ ಕಡೆಯವರು ಹೆಮ್ಮೆ ಪಡಬಹುದು. ಆದರೆ ಇವತ್ತಿನ ಗಾಡಿಗೆ ಹಾಗೇ ಸುರಿಯಬೇಡಿ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ನಾಜಲ್‌ನಿಂದ ಮಂಜಿನ ಹಾಗೆ ಸಿಡಿಯುವ ಬದಲು ಹನಿಹನಿಯಾಗಿ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ, ಪಿಸ್ಟನ್ ರಿಂಗ್ ಸುತ್ತ ಕರಿ ಕಟ್ಟುತ್ತದೆ.

ಎಣ್ಣೆಯ ಒಂದೊಂದು ಅಣುವೂ ಒಂದೇ ತೊಟ್ಟಿನಲ್ಲಿ ಮೂರು ಮಾವಿನಕಾಯಿ ಜೋತುಬಿದ್ದ ಹಾಗೆ. ತೊಟ್ಟು ಅಂದರೆ ಗ್ಲಿಸರಿನ್, ಕಾಯಿ ಅಂದರೆ ಕೊಬ್ಬಿನ ಆಮ್ಲ. ಮೆಥನಾಲ್ (ವಿಷದ ಒಂದು ಆಲ್ಕೋಹಾಲ್) ಮತ್ತು ಕಾಸ್ಟಿಕ್ (ಮೈ ಸುಡುವಷ್ಟು ತೀಕ್ಷ್ಣ ಕ್ಷಾರ) ಸೇರಿ ಕಾಯಿಗಳನ್ನು ತೊಟ್ಟಿನಿಂದ ಬಿಡಿಸುತ್ತವೆ. ಭಾರವಾದ ಗ್ಲಿಸರಿನ್ ಕೆಳಗೆ ಇಳಿಯುತ್ತದೆ, ಬಿಡಿಯಾದ ತೆಳು ಭಾಗ ಮೇಲೆ ನಿಲ್ಲುತ್ತದೆ. ಮೇಲೆ ನಿಂತದ್ದೇ ಬಯೋಡೀಸೆಲ್.

ಯಾವ ಗಾಡಿಗೆ ಆಗುತ್ತೆ? ಮೆಕ್ಯಾನಿಕಲ್ ಪಂಪ್ ಇರುವ ಹಳೇ ಗಾಡಿಗೆ ಆಗುತ್ತೆ: ಹಳೇ ಸುಮೋ, ಮೊದಲ ಇಂಡಿಕಾ, ಡೀಸೆಲ್ ಅಂಬಾಸಿಡರ್, ಮಹೀಂದ್ರಾ ಜೀಪು. ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಸಿಡಿಸುವ ಹೊಸ ಬಗೆಯ ಎಂಜಿನ್) ಗಾಡಿಗೆ ಮನೆಯಲ್ಲಿ ಮಾಡಿದ್ದನ್ನು ಹಾಕುವ ಧೈರ್ಯ ನನಗಿಲ್ಲ. ಅದರ ಇಂಜೆಕ್ಟರ್ ರೇಟು ಕೇಳಿದರೆ ನಿಮಗೂ ಧೈರ್ಯ ಬರಲ್ಲ. ಬಿಎಸ್ 6 ಗಾಡಿಯಂತೂ ಬೇಡವೇ ಬೇಡ. ಅದರ ಹೊಗೆ ಫಿಲ್ಟರ್ ಸುಟ್ಟು ಸ್ವಚ್ಛವಾಗಲು ಆಗಾಗ ಹೆಚ್ಚುವರಿ ಇಂಧನ ಸಿಡಿಸುವ ಏರ್ಪಾಡು ಇರುತ್ತದೆ. ಬಯೋಡೀಸೆಲ್ ಬೇಗ ಆವಿಯಾಗದೆ ಸಿಲಿಂಡರ್ ಗೋಡೆಯಲ್ಲಿ ಇಳಿದು ಎಂಜಿನ್ ಆಯಿಲ್‌ಗೆ ಸೇರಿಕೊಳ್ಳುತ್ತದೆ.

ಎಣ್ಣೆ ತರುವುದು

ನಾನು ಎರಡೇ ಅಂಗಡಿಯಿಂದ ತರುತ್ತೇನೆ. ಒಂದು ಬೋಂಡಾ ಬಜ್ಜಿ ಗಾಡಿ, ಇನ್ನೊಂದು ಬಂಗಾರಪೇಟೆಯಲ್ಲಿ ಪಾನಿಪುರಿಗೆ ಪೂರಿ ಕರಿಯುವ ಮನೆ. ಕಬಾಬ್ ಎಣ್ಣೆ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಉಪ್ಪು, ಮಾಂಸದ ನೀರು, ಮಸಾಲೆಯ ಮಡ್ಡಿ ಎಲ್ಲ ಇರುತ್ತದೆ, ಹುಳಿಯೂ (ಅಂದರೆ ಆಮ್ಲದ ಅಂಶ) ಜಾಸ್ತಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್' (ಕರಿದು ಕರಿದು ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ 25 ದಾಟಿದರೆ ಅದರಲ್ಲಿ ಮತ್ತೆ ಕರಿಯುವಂತಿಲ್ಲ. 2018ರಿಂದ ಈ ನಿಯಮ ಇದೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವ ದೊಡ್ಡ ಹೋಟೆಲ್‌ಗಳು ಲೆಕ್ಕ ಇಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡಬೇಕು. ಅವರ ತಂಟೆಗೆ ಹೋಗಬೇಡಿ. ನಮ್ಮಂಥವರಿಗೆ ಸಣ್ಣ ಅಂಗಡಿಯೇ ಸರಿ.

"ಕಾರಿಗೆ ಹಾಕ್ತೀಯಾ? ನಿಜ ಹೇಳಣ್ಣ, ಬೇರೆ ಅಂಗಡಿಗೆ ಮಾರ್ತೀಯ ತಾನೆ?" ಅಂತ ಬೋಂಡಾ ಅಂಗಡಿಯವನು ಆರು ತಿಂಗಳು ಅನುಮಾನ ಪಟ್ಟ. ಒಂದಿನ ಸುಮೋ ತಂದು ಅವನ ಗಾಡಿ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿ ತೋರಿಸಿದ ಮೇಲೆ ನಂಬಿದ.

ಹೊಂಗೆ ಎಣ್ಣೆ ಆಗುತ್ತಾ ಅಂತಲೂ ಕೇಳುತ್ತಾರೆ. ಆಗುತ್ತೆ, ಆದರೆ ಅದರಲ್ಲಿ ಹುಳಿ ಜಾಸ್ತಿ ಇರುವುದರಿಂದ ಸಾಮಾನ್ಯವಾಗಿ ಮೊದಲು ಆಸಿಡ್ ಹಾಕಿ ಇನ್ನೊಂದು ಸುತ್ತು ಕೆಲಸ ಮಾಡಬೇಕು. ಕಲಿಯುವವರಿಗೆ ಅದು ಬೇಡ.

ಮೊದಲ ನೀರು

ಎಣ್ಣೆಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಆಮೇಲೆ 60 ಡಿಗ್ರಿಗೆ ಕಾಯಿಸಿ, ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಮರುದಿನ ಅಡಿಯ ನಲ್ಲಿ ಬಿಚ್ಚಿ ನೀರು, ಮಡ್ಡಿ ಇಳಿಸಿ. ಇಷ್ಟಕ್ಕೇ ನೀರು ಹೋಯಿತು ಅಂದುಕೊಂಡು ನಾನು ಕೆಟ್ಟಿದ್ದು. ಒಂದು ಬಾಣಲೆ ಚೆನ್ನಾಗಿ ಕಾಯಿಸಿ, ಅರ್ಧ ಚಮಚ ಎಣ್ಣೆ ಬಿಡಿ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ನೀರು ಇನ್ನೂ ಇದೆ. ಆಗ ಎಣ್ಣೆಯನ್ನು 105 ಡಿಗ್ರಿವರೆಗೆ ನಿಧಾನಕ್ಕೆ ಕಾಯಿಸಿ, ಕೈಯಾಡಿಸುತ್ತಾ ಇರಿ. ನೊರೆ, ಗುಳ್ಳೆ ಪೂರ್ತಿ ನಿಲ್ಲಬೇಕು. ತಳದಲ್ಲಿ ನೀರು ಉಳಿದಿದ್ದರೆ ಎಣ್ಣೆ ಒಮ್ಮೆಲೇ ಉಕ್ಕಿ ಮೈಮೇಲೆ ಬರುತ್ತದೆ, ಅದಕ್ಕೇ ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಈ ಹಂತದಲ್ಲಿ ಮಾತ್ರ ಗ್ಯಾಸ್ ಒಲೆ ಬಳಸಬಹುದು. ಇದಾದ ಮೇಲೆ ಬೆಂಕಿಯ ಮುಖ ನೋಡುವ ಹಾಗಿಲ್ಲ.

ಹುಳಿ ಅಳೆಯಲು ಅರಿಸಿನ

ಎಣ್ಣೆ ಕರಿದಷ್ಟೂ ಹುಳಿ ಆಗುತ್ತದೆ. ಆ ಹುಳಿಯನ್ನು ಮುರಿಯಲು ಎಷ್ಟು ಕಾಸ್ಟಿಕ್ ಜಾಸ್ತಿ ಬೇಕು ಅಂತ ಪ್ರತಿ ಸಲವೂ ಅಳೆಯಬೇಕು. ಅಂದಾಜಿನ ಆಟ ಇಲ್ಲಿ ನಡೆಯಲ್ಲ. ನಾನು ಬಳಸುವುದು ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್), ಮುಂದೆ ಪೊಟ್ಯಾಶ್ ಅಂದರೆ ಇದೇ, ಗೊಬ್ಬರದ ಪೊಟ್ಯಾಶ್ ಅಲ್ಲ. ಕಾಸ್ಟಿಕ್ ಸೋಡಾ ಅಗ್ಗ, ಆದರೆ ಅದರ ಗ್ಲಿಸರಿನ್ ಡ್ರಮ್ಮಿನ ತಳದಲ್ಲಿ ಕಲ್ಲಾಗಿ ಕೂರುತ್ತದೆ.

ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಸರಿಯಾಗಿ 1 ಗ್ರಾಂ ಪೊಟ್ಯಾಶ್ ಕರಗಿಸಿ ಇಟ್ಟುಕೊಳ್ಳಿ. ಸಣ್ಣ ಗಾಜಿನ ಲೋಟದಲ್ಲಿ 10 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲ್, ಅದಕ್ಕೆ ಒಂದು ಚಿಟಿಕೆ ಅರಿಸಿನ. ಪೊಟ್ಯಾಶ್ ನೀರನ್ನು ಹನಿ ಹಾಕಿ ಬಣ್ಣ ಸ್ವಲ್ಪವೇ ತಿರುಗುವ ಹಂತಕ್ಕೆ ತನ್ನಿ. ಈಗ 1 ಮಿ.ಲೀ. ಎಣ್ಣೆ ಹಾಕಿ, ಮತ್ತೆ ಹಳದಿ ಆಗುತ್ತದೆ. ಇಲ್ಲಿಂದ ಸಿರಿಂಜ್‌ನಲ್ಲಿ ಪೊಟ್ಯಾಶ್ ನೀರು ಬಿಡುತ್ತಾ, ಅಲ್ಲಾಡಿಸುತ್ತಾ ಹೋಗಿ. ಅರಿಸಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡುತ್ತಾರಲ್ಲ, ಅದೇ ಕೆಂಪು ಬಂದು ಅರ್ಧ ನಿಮಿಷ ನಿಂತರೆ ಸಾಕು. ಇದಕ್ಕೆ ಅಂಗಡಿಯಲ್ಲಿ ಫಿನಾಫ್ತಲಿನ್ ಅಂತ ಬೇರೆ ಸಿಗುತ್ತೆ, ಅದರಲ್ಲಿ ಬಣ್ಣ ಇನ್ನೂ ಸ್ಪಷ್ಟ. ನನಗೆ ಅರಿಸಿನವೇ ರೂಢಿಯಾಗಿದೆ.

3 ಮಿ.ಲೀ. ಹಿಡಿಯಿತು ಅಂದುಕೊಳ್ಳಿ. ಮೂಲ ಲೆಕ್ಕ ಲೀಟರ್ ಎಣ್ಣೆಗೆ 7 ಗ್ರಾಂ, ಅದಕ್ಕೆ ಮಿ.ಲೀ.ಗೆ ಒಂದು ಗ್ರಾಂನಂತೆ 3 ಕೂಡಿಸಿ, 10 ಗ್ರಾಂ. 6 ಮಿ.ಲೀ. ದಾಟಿದ ಎಣ್ಣೆಯನ್ನು ನಾನು ವಾಪಸ್ ಕೊಟ್ಟುಬಿಡುತ್ತೇನೆ. ಒಂದು ಹಬ್ಬದ ವಾರ ಬಂದ ಎಣ್ಣೆ 9 ತೋರಿಸಿತ್ತು. ಆ ವಾರ ಆ ಅಂಗಡಿಯಲ್ಲಿ ಬೋಂಡಾ ತಿನ್ನಲಿಲ್ಲ.

ಮೆಥನಾಲ್ ಅಂದರೆ ಏನು ಅಂತ ಕೋಲಾರದವರಿಗೆ ಗೊತ್ತು

2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಸಾರಾಯಿಯಲ್ಲಿದ್ದದ್ದು ಇದೇ ಮೆಥನಾಲ್. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಆವಿ ಕುಡಿದರೂ ಕೆಟ್ಟದ್ದು. ಹಗಲಿನಲ್ಲಿ ಅದಕ್ಕೆ ಬೆಂಕಿ ಹತ್ತಿದರೆ ಜ್ವಾಲೆ ಕಾಣುವುದೇ ಇಲ್ಲ. ಹಾಗಾಗಿ ಪರವಾನಗಿ ಇರುವ ವ್ಯಾಪಾರಿಯಿಂದ, ಬೇಕಾದ ಅನುಮತಿ ಪತ್ರ ತೋರಿಸಿ, ಬಿಲ್ ಹಾಕಿಸಿಕೊಂಡೇ ತನ್ನಿ. ಬಿಲ್ ಇಲ್ಲದೆ ಕೊಡುತ್ತೇನೆ ಅನ್ನುವವನಿಂದ ದೂರ ಇರಿ. ನೀರಿನ ಬಾಟಲಿಗೆ ಯಾವತ್ತೂ ಹಾಕಬೇಡಿ. ಮಕ್ಕಳಿರುವ ಮನೆಯಾದರೆ ಬೀಗ ಹಾಕಿದ ಹೊರಗಿನ ಕೋಣೆಯಲ್ಲಿಡಿ. ಅಂಥ ಜಾಗ ಇಲ್ಲ ಅಂದರೆ ಈ ಕೆಲಸಕ್ಕೇ ಕೈ ಹಾಕಬೇಡಿ, ಬೇಜಾರಾದರೂ ಪರವಾಗಿಲ್ಲ.

ಕೆಲಸವೆಲ್ಲ ಬಯಲಲ್ಲಿ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್, ತುಂಬು ತೋಳಿನ ಅಂಗಿ. ಪಕ್ಕದಲ್ಲಿ ಎರಡು ಬಕೆಟ್ ನೀರು. ಅಲ್ಯೂಮಿನಿಯಂ ಪಾತ್ರೆ ಮುಟ್ಟಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಇಲ್ಲವೇ ಗಟ್ಟಿ ಬಿಳಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಕ್ಯಾನ್ ಇರಲಿ.

ಬೆರೆಸುವುದು

ಮೊದಲ ಸಲ 1 ಲೀಟರ್ ಮಾಡಿ. ಸುಮ್ನೆ ಹೇಳುತ್ತಿಲ್ಲ, ನಾನು ಮೊದಲೇ ಹತ್ತು ಲೀಟರ್‌ಗೆ ಹೋಗಿ ಮುದ್ದೆ ಮಾಡಿಕೊಂಡವನು.

ಲೀಟರ್ ಎಣ್ಣೆಗೆ 220 ಮಿ.ಲೀ. ಮೆಥನಾಲ್. ಅಳೆದ ಪೊಟ್ಯಾಶನ್ನು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಮುಚ್ಚಳ ಬಿಗಿ ಮಾಡಿ ಮೆಲ್ಲಗೆ ಅಲ್ಲಾಡಿಸಿ. ಬಿಸಿಯಾಗುತ್ತದೆ, ಹೆದರಬೇಡಿ, ಆದರೆ ಅವಸರವೂ ಬೇಡ. ಪೂರ್ತಿ ಕರಗಿದ ಮೇಲೆ 55 ಡಿಗ್ರಿಗೆ ಇಳಿದಿರುವ ಎಣ್ಣೆಗೆ ಸೇರಿಸಿ. ಮೆಥನಾಲ್ 65 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 55 ದಾಟುವ ಹಾಗಿಲ್ಲ. ಮುಚ್ಚಿದ ಡ್ರಮ್ಮಿನಲ್ಲಿ ಒಂದು ಗಂಟೆ ಚೆನ್ನಾಗಿ ತಿರುಗಿಸಿ. ಮೋಟಾರಿನ ಕಿಡಿ ಆವಿಗೆ ತಗಲಬಾರದು, ನನ್ನ ಮೋಟಾರು ಡ್ರಮ್ಮಿನಿಂದ ಮೂರಡಿ ದೂರದಲ್ಲಿದೆ, ಬೆಲ್ಟ್ ಹಾಕಿದ್ದೇನೆ.

ನಿಲ್ಲಿಸಿದ ಅರ್ಧ ಗಂಟೆಯಲ್ಲೇ ತಳದಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಗ್ಲಿಸರಿನ್ ಇಳಿಯಲು ಶುರುವಾಗುತ್ತದೆ. ಮೇಲೆ ಜೇನಿನ ಬಣ್ಣ. ಆದರೂ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತಳದ್ದನ್ನು ಇಳಿಸಿ.

ಆಗಿದೆಯಾ ಇಲ್ಲವಾ ನೋಡಲು ಒಂದು ಪರೀಕ್ಷೆ ಇದೆ. 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕುಲುಕಿ. ಪೂರ್ತಿ ಕರಗಿ ತಿಳಿಯಾದರೆ ಸರಿ. ತಳದಲ್ಲಿ ಎಣ್ಣೆ ಹನಿ ಕೂತರೆ ಅರ್ಧಂಬರ್ಧ ಆಗಿದೆ, ಸ್ವಲ್ಪ ಮೆಥನಾಲ್, ಪೊಟ್ಯಾಶ್ ಹಾಕಿ ಇನ್ನೊಮ್ಮೆ ಮಾಡಬೇಕು.

ಎರಡನೇ ನೀರು

ಇಷ್ಟು ಹೊತ್ತು ನೀರು ಬೇಡ ಅಂದವನು ಈಗ ನೀರು ಹಾಕಿ ಅನ್ನುತ್ತಿದ್ದೇನೆ. ಬಯೋಡೀಸೆಲ್‌ನಲ್ಲಿ ಉಳಿದ ಸೋಪು, ಪೊಟ್ಯಾಶ್, ಮೆಥನಾಲ್ ಹೋಗಬೇಕಾದರೆ ತೊಳೆಯಲೇಬೇಕು. ನಮ್ಮ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕೆಲಸ ಕೆಡುತ್ತದೆ. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳೀ ಕೆನೆ ಕಟ್ಟುತ್ತದೆ, ಮೂರು ದಿನವಾದರೂ ಬಿಡುವುದಿಲ್ಲ. ನಾನು ತಾರಸಿಯ ಮಳೆನೀರು ಹಿಡಿದು ಇದಕ್ಕೇ ಅಂತ ಎತ್ತಿಟ್ಟಿರುತ್ತೇನೆ. ಮನೆಯವರ ಬೈಗುಳ ಬೇರೆ ವಿಷಯ.

ಮೊದಲ ತೊಳೆತ ಬಲು ಮೃದುವಾಗಿರಲಿ. ಗಿಡಕ್ಕೆ ಔಷಧ ಹೊಡೆಯುವ ಸಣ್ಣ ಸ್ಪ್ರೇಯರ್‌ನಲ್ಲಿ ನೀರನ್ನು ಮೇಲಿಂದ ತುಂತುರು ಬಿಡಿ. ಕಲಕಿದಿರೋ, ಮಜ್ಜಿಗೆ ಆಗುತ್ತದೆ. ಕೆಳಗೆ ಇಳಿದ ಹಾಲಿನಂಥ ನೀರನ್ನು ತೆಗೆದು ಮತ್ತೆ ಬಿಡಿ. ಎರಡನೇ, ಮೂರನೇ ಸಲಕ್ಕೆ ಮೆಲ್ಲಗೆ ಕಲಕಬಹುದು. ಇಳಿಯುವ ನೀರು ತಿಳಿಯಾಗುವವರೆಗೆ, ನನಗೆ ಸಾಮಾನ್ಯವಾಗಿ ನಾಲ್ಕು ಸಲ. ಆಮೇಲೆ ಅಗಲ ಪಾತ್ರೆಗೆ ಹಾಕಿ, ಮೀನಿನ ತೊಟ್ಟಿಯ ಏರ್ ಪಂಪ್‌ನಲ್ಲಿ ಒಂದು ದಿನ ಗಾಳಿ ಆಡಿಸಿ ಒಣಗಿಸಿ. ಗಾಜಿನ ಬಾಟಲಿಗೆ ತುಂಬಿ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರಬೇಕು. ಮಸುಕಾಗಿದ್ದರೆ ನೀರು ಇನ್ನೂ ಇದೆ. ಕೊನೆಗೆ 5 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ತೊಳೆದ ನೀರನ್ನು ಕೆರೆಗೋ ಟೊಮೆಟೊ ತೋಟಕ್ಕೋ ಬಿಡಬೇಡಿ. ಅಗಲವಾದ ಸಿಮೆಂಟ್ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟರೆ ಆರಿಹೋಗುತ್ತದೆ, ನಮ್ಮ ಬಿಸಿಲಿಗೇನು ಕಡಿಮೆ. ಗ್ಲಿಸರಿನ್ ಅನ್ನು ಮನೆಯಿಂದ ದೂರ ಬಯಲಲ್ಲಿ ವಾರಗಟ್ಟಲೆ ತೆರೆದಿಟ್ಟು, ಮೆಥನಾಲ್ ಹೋದ ಮೇಲೆ ಗೊಬ್ಬರದ ಗುಂಡಿಗೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಪೊಟ್ಯಾಶ್ ಬಳಸಿದ್ದರ ಇನ್ನೊಂದು ಲಾಭ ಇದು.

ಟ್ಯಾಂಕಿಗೆ

ಮೊದಲು 20 ಲೀಟರ್ ಡೀಸೆಲ್‌ಗೆ 1 ಲೀಟರ್ ಸಾಕು. ಬಯೋಡೀಸೆಲ್ ಹಳೇ ಟ್ಯಾಂಕಿನ ಮಡ್ಡಿಯನ್ನೆಲ್ಲ ತೊಳೆದು ತರುತ್ತದೆ, ತಂದು ಫಿಲ್ಟರ್‌ಗೆ ತುಂಬುತ್ತದೆ. ನನ್ನ ಗಾಡಿ ನರಸಾಪುರದ ಹತ್ತಿರ ಹೈವೇಯಲ್ಲಿ ಕೆಮ್ಮಿ ನಿಂತಿದ್ದು ಇದರಿಂದಲೇ. ಎಂಜಿನ್ ಹೋಯಿತು ಅಂತ ಜೀವ ಬಾಯಿಗೆ ಬಂದಿತ್ತು. ಆಮೇಲೆ ಬಂದ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ, ಕಪ್ಪು ಗೊಜ್ಜು ಸುರಿದು, ಹೊಸದು ಹಾಕಿ, ಏರ್ ತೆಗೆದು ಹತ್ತು ನಿಮಿಷದಲ್ಲಿ ಸ್ಟಾರ್ಟ್ ಮಾಡಿಕೊಟ್ಟ. ಅವತ್ತಿನಿಂದ ಸೀಟಿನ ಕೆಳಗೆ ಒಂದು ಫಿಲ್ಟರ್, ಒಂದು ಸ್ಪ್ಯಾನರ್ ಇದ್ದೇ ಇರುತ್ತದೆ. ಹಳೇ ರಬ್ಬರ್ ಪೈಪ್‌ಗಳು ಊದಿಕೊಂಡು ಮೆತ್ತಗಾಗುತ್ತವೆ, ಅವನ್ನು ವೈಟಾನ್ ಅನ್ನುವ, ಇಂಧನ ತಾಳುವ ರಬ್ಬರಿನ ಪೈಪ್‌ಗೆ ಬದಲಾಯಿಸಿ. ಆಮೇಲೆ ನಿಧಾನಕ್ಕೆ ಶೇ 20ರವರೆಗೆ ಹೋಗಬಹುದು. ಮೈಲೇಜ್ ಒಂಚೂರು ಇಳಿಯುತ್ತದೆ, ಯಾಕೆಂದರೆ ಲೀಟರ್‌ಗೆ ಸಿಗುವ ಶಕ್ತಿ ಡೀಸೆಲ್‌ಗಿಂತ ಶೇ 8-9ರಷ್ಟು ಕಡಿಮೆ.

ಪಕ್ಕದ ಮನೆಯವರು ಕೇಳಿದರೂ ಮಾರಬೇಡಿ. ಮಾರಾಟಕ್ಕೆ 2019ರ ಕೇಂದ್ರದ ಮಾರ್ಗಸೂಚಿ ಇದೆ, ಐಎಸ್ 15607 ಮಾನದಂಡಕ್ಕೆ ಸರಿಹೊಂದಬೇಕು. ನಮ್ಮ ಡ್ರಮ್ಮಿನ ಸರಕಿಗೆ ಆ ಯೋಗ್ಯತೆ ಇಲ್ಲ. ಮಾಡಿದ್ದನ್ನು ಎರಡು ಮೂರು ತಿಂಗಳೊಳಗೆ ಖರ್ಚು ಮಾಡಿ, ಇಟ್ಟಷ್ಟೂ ಹಳಸುತ್ತದೆ.

ಇನ್ನು ಚಳಿಗಾಲ. ಬೋಂಡಾ ಅಂಗಡಿಯ ಎಣ್ಣೆ ಹೆಚ್ಚಾಗಿ ಪಾಮ್ ಆಯಿಲ್, ಅದರ ಬಯೋಡೀಸೆಲ್ ಚಳಿಗೆ ಬೇಗ ಮಬ್ಬಾಗಿ ಗಟ್ಟಿಯಾಗುತ್ತದೆ. ಪ್ರತಿ ಸಲ ಒಂದು ಸಣ್ಣ ಬಾಟಲಿಯನ್ನು ಬಿಗಿ ಮುಚ್ಚಳ ಹಾಕಿ, ಊಟದ ಸಾಮಾನಿಲ್ಲದ ಐಸ್ ಡಬ್ಬದಲ್ಲಿ ಥರ್ಮಾಮೀಟರ್ ಜೊತೆ ಇಟ್ಟು ನೋಡಿ. ನನ್ನದು ಕಳೆದ ಸಲ 14 ಡಿಗ್ರಿಗೇ ಮಬ್ಬಾಯಿತು. ಡಿಸೆಂಬರ್ ಬೆಳಗಿನ ಜಾವ ಅಂತರಗಂಗೆ ಬೆಟ್ಟದ ಕೆಳಗೆ ಅಷ್ಟು ಚಳಿ ಹೊಸದಲ್ಲ, ಅದಕ್ಕೇ ನವೆಂಬರ್‌ನಿಂದ ಜನವರಿ ಮುಗಿಯುವವರೆಗೆ 20 ಲೀಟರ್‌ಗೆ 1 ಲೀಟರ್‌ಗಿಂತ ಜಾಸ್ತಿ ಹಾಕುವುದಿಲ್ಲ.